ಹಚ್ಚೋದಾದ್ರೆ ಬಿಚ್ಚಿ ಹಚ್ಚಿ

ಒಂದು ಸಂಜೆ ನಿಮ್ಮ ಆಫೀಸಿನ ಬೇಸ್‌ಮೆಂಟ್ ಪಾರ್ಕಿಂಗಲ್ಲಿ ಬರೀ ಚಕ್ರಗಳನ್ನೇ ನೋಡ್ತಾ ಒಂದು ಸುತ್ತು ಹಾಕಿ. ಅಲಾಯ್ ವೀಲಿನ ಸಂದಿಯಲ್ಲಿ ಕೆಂಪು ಇಣುಕುತ್ತೆ, ಹಳದಿ ಇಣುಕುತ್ತೆ, ಅಲ್ಲೊಂದು ಇಲ್ಲೊಂದು ಗಿಳಿಹಸಿರು. ಕೆಲವದರ ಮೇಲೆ ‘ಬ್ರೆಂಬೊ’ ಅಂತ ಬಿಳಿ ಅಕ್ಷರ. ನಾನು ಹೀಗೆ ನೋಡುವಾಗ ಒಂದು ಹ್ಯಾಚ್‌ಬ್ಯಾಕಿನ ಹಿಂದಿನ ಚಕ್ರದಲ್ಲೂ ಕೆಂಪು ಕ್ಯಾಲಿಪರ್ ಕಂಡಿತು. ಬಗ್ಗಿ ನೋಡಿದರೆ ಅಲ್ಲಿರೋದು ಡ್ರಮ್ ಬ್ರೇಕು! ಡ್ರಮ್ ಬ್ರೇಕಿಗೆ ಕ್ಯಾಲಿಪರೇ ಇರೋದಿಲ್ಲ. ಪುಣ್ಯಾತ್ಮ ಪ್ಲಾಸ್ಟಿಕ್ ಕವರು ತಂದು ಡ್ರಮ್ಮಿಗೇ ಅಂಟಿಸಿದ್ದ. ಡ್ರಮ್ಮು ಚಕ್ರದ ಜೊತೆಗೇ ತಿರುಗೋ ವಸ್ತು. ಅಂದರೆ ಕಾರು ಹೊರಟ ಕೂಡಲೇ ಆ ‘ಕ್ಯಾಲಿಪರ್’ ಜಾತ್ರೆಯ ತೊಟ್ಟಿಲಿನ ಹಾಗೆ ಗಿರಗಿರ ಸುತ್ತುತ್ತೆ.

ನಕ್ಕು ಮುಂದೆ ಹೋಗಬಹುದಿತ್ತು. ಆದರೆ ಸ್ವಲ್ಪ ದಿನದ ಹಿಂದೆ ನಾನೂ ಅದೇ ಪಂಗಡದವನಾಗಿದ್ದೆ. ಅದಕ್ಕೇ ಈ ಜಗಳ.

ಗೊತ್ತಿಲ್ಲದವರಿಗೆ ಎರಡು ಸಾಲು. ಚಕ್ರದ ಜೊತೆ ತಿರುಗೋ ಕಬ್ಬಿಣದ ತಟ್ಟೆ ಡಿಸ್ಕ್. ಅದನ್ನ ಎರಡೂ ಕಡೆಯಿಂದ ಇಕ್ಕಳದ ಹಾಗೆ ಹಿಡಿಯೋದು ಕ್ಯಾಲಿಪರ್. ಬ್ರೇಕ್ ಒತ್ತಿದಾಗ ಅದರೊಳಗಿನ ಪಿಸ್ಟನ್ನು ಬ್ರೇಕ್ ಪ್ಯಾಡನ್ನ ಡಿಸ್ಕಿಗೆ ಒತ್ತುತ್ತೆ. ನಮ್ಮ ನಿಮ್ಮಂಥವರ ಕಾರಲ್ಲಿ ಇರೋದು ಸಾಮಾನ್ಯವಾಗಿ ಎರಕದ ಕಬ್ಬಿಣದ್ದು, ಬಣ್ಣ ಇಲ್ಲದ್ದು. ಒಂದು ಮಳೆಗಾಲ ಕಂಡರೆ ಸಾಕು, ತುಕ್ಕು ಹಿಡಿದು ಹಳೇ ಬಾವಿಯ ಗಡಗಡೆ ಹಾಗಾಗುತ್ತೆ. ಹೊಳೆಯೋ ಅಲಾಯಿನ ಹಿಂದೆ ಅದು ಕಂಡರೆ ಹೊಟ್ಟೆ ಉರಿಯುತ್ತೆ. ಚಂದ ಮಾಡಬೇಕು ಅನ್ನಿಸೋದು ತಪ್ಪಲ್ಲ.

ಮಾಡೋಕೆ ದಾರಿ ಮೂರು. ಒಂದು, ಮೇಲಿಂದ ಕವರ್ ಹಾಕೋದು. ಎರಡು, ಶಾಖ ತಡೆಯೋ ಬಣ್ಣ ಹಚ್ಚೋದು. ಮೂರು, ಕ್ಯಾಲಿಪರನ್ನೇ ಕಳಚಿ ಪೌಡರ್ ಕೋಟಿಂಗ್ ಮಾಡಿಸೋದು. ಯಾವುದು ಹೆಚ್ಚು ಮಿಂಚುತ್ತೆ, ಯಾವುದು ಅಗ್ಗ, ಯಾವುದು ಹೆಚ್ಚು ದಿನ ಬಾಳುತ್ತೆ ಅಂತ ಎಲ್ಲರೂ ಲೆಕ್ಕ ಹಾಕ್ತಾರೆ. ಕೇಳಬೇಕಾದ ಪ್ರಶ್ನೆ ಅದಲ್ಲ ಅನ್ನೋದು ನನ್ನ ತಕರಾರು. ಕೇಳಬೇಕಾದ್ದು: ಯಾವ ದಾರಿ ನಿಮ್ಮನ್ನ ಬ್ರೇಕಿನ ಹತ್ತಿರ ಕರ್ಕೊಂಡು ಹೋಗುತ್ತೆ, ಯಾವುದು ದೂರ ಇಡುತ್ತೆ?

ನನ್ನ ಕತೆ ಕೇಳಿ. 2020ರ ಮಾರ್ಚಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಇಡಗುಂಜಿಗೆ ಹೋದವ ಬೆಂಗಳೂರಿಗೆ ವಾಪಸ್ ಬಂದಿದ್ದು ಎರಡು ಮಳೆಗಾಲ ಕಳೆದ ಮೇಲೆ. ಅಷ್ಟೂ ದಿನ ಕಾರು ಮನೆಯ ಮುಂದಿನ ತಗಡಿನ ಮಾಡಿನ ಕೆಳಗೆ. ಸಮುದ್ರ ದೂರ ಇಲ್ಲ, ಗಾಳಿಯಲ್ಲೇ ಉಪ್ಪು. ವಾಪಸ್ ಬಂದು ತೊಳೆದು ನೋಡ್ತೇನೆ, ಕ್ಯಾಲಿಪರ್ ಪೂರ್ತಿ ಕೆಂಪುಗಂದು. ಆನ್‌ಲೈನಲ್ಲಿ ನಾಲ್ಕು ಕವರಿನ ಸೆಟ್ಟು ತರಿಸಿ, ಮುಂದಿನ ಎರಡು ಚಕ್ರಕ್ಕೆ ಸಿಲಿಕಾನ್ ಗೋಂದು ಹಾಕಿ ಕೂರಿಸಿದೆ. ಇನ್ನೆರಡು ಈಗಲೂ ಅಟ್ಟದ ಮೇಲಿವೆ. ಹತ್ತು ನಿಮಿಷದ ಕೆಲಸ. ಫೋಟೋ ತೆಗೆದು ಸ್ಟೇಟಸ್ ಹಾಕಿದೆ. ‘ಗುರೂ, ಬೆಂಕಿ!’ ಅಂದರು ಎಲ್ಲ. ಅವರ ಬಾಯಿಗೆ ಸಕ್ಕರೆ ಹಾಕಬೇಕು. ಅಕ್ಷರಶಃ ಬೆಂಕಿಯೇ ಆಗುವುದರಲ್ಲಿತ್ತು.

ಮುಂದಿನ ವರ್ಷದ ದೀಪಾವಳಿಗೆ ಊರಿಗೆ ಹೊರಟೆವು. ಶಿವಮೊಗ್ಗ, ಸಾಗರ, ಜೋಗ ದಾಟಿ ಮಾವಿನಗುಂಡಿಯಿಂದ ಗೇರುಸೊಪ್ಪೆ ಘಟ್ಟ ಇಳೀಬೇಕು. ಹಿಂದಿನ ಸೀಟಲ್ಲಿ ಹೆಂಡತಿ, ಅವಳ ತೊಡೆಯ ಮೇಲೆ ನಿದ್ದೆ ಹೋದ ಮಗಳು. ಮುಂದೆ ಒಂದು ಟೆಂಪೊ. ಅದರ ಹಿಂದೆ ಬ್ರೇಕ್ ಒತ್ತುತ್ತಾ, ಒತ್ತುತ್ತಾ, ಗೇರ್ ಇಳಿಸೋ ಬುದ್ಧಿ ಇಲ್ಲದೆ ಇಳೀತಾ ಇದ್ದೆ. ಏನೋ ಸುಟ್ಟ ವಾಸನೆ. ಟೆಂಪೊದ್ದೇ ಇರಬೇಕು ಅಂದುಕೊಂಡೆ. ನಾವೆಲ್ಲ ಹಾಗೇ ತಾನೇ, ಬಗ್ ಯಾವಾಗಲೂ ಬೇರೆಯವರ ಕೋಡಲ್ಲಿ. ಮುಂದಿನ ತಿರುವಲ್ಲಿ ಪೆಡಲ್ ಒತ್ತಿದರೆ ಅದು ಸ್ಪಂಜಿನ ಹಾಗೆ ಒಳಗೆ ಹೋಯಿತು. ಕಾರು ನಿಲ್ಲಲಿಲ್ಲ.

ಎರಡನೇ ಗೇರು, ಹ್ಯಾಂಡ್‌ಬ್ರೇಕು, ಧರೆಯ ಬದಿಯ ಚರಂಡಿ, ಇಷ್ಟರಲ್ಲಿ ಬಚಾವಾದೆವು. ಮಗಳು ಎದ್ದು ‘ಊರು ಬಂತಾ?’ ಅಂತ ಕೇಳಿದಳು.

ಮುಕ್ಕಾಲು ಗಂಟೆ ಆರಲು ಬಿಟ್ಟು, ಒಂದನೇ ಗೇರಲ್ಲಿ ತೆವಳಿಕೊಂಡು ಇಳಿದು, ಹೊನ್ನಾವರದಲ್ಲಿ ಪರಿಚಯದ ಮೆಕ್ಯಾನಿಕ್ ಹತ್ತಿರ ಹೋದೆ. ಚಕ್ರ ಬಿಚ್ಚಿದರು. ಕವರ್ ಅರ್ಧ ಕರಗಿ ಸೊಟ್ಟಗಾಗಿತ್ತು. ಅದನ್ನ ಸ್ಕ್ರೂಡ್ರೈವರಿನಲ್ಲಿ ಎಬ್ಬಿಸುತ್ತಾ ಕೇಳಿದರು: ‘ಎಂತ ತಮಾ, ಮುಖಕ್ಕೆ ಪೌಡರ್ ಹಾಕಿದ್ಯಲ, ಹಲ್ಲು ತಿಕ್ಕಿದ್ಯಾ?’

ಒಳಗೆ ಕಂಡಿದ್ದು ಇಷ್ಟು. ನಮ್ಮ ಕಾರುಗಳ ಕ್ಯಾಲಿಪರ್ ಎರಡು ಸ್ಲೈಡ್ ಪಿನ್ನುಗಳ ಮೇಲೆ ಆಚೀಚೆ ಜಾರಬೇಕು. ಹಾಗೆ ಜಾರಿದರೆ ಮಾತ್ರ ಒಳಗಿನ, ಹೊರಗಿನ ಎರಡೂ ಪ್ಯಾಡು ಸಮವಾಗಿ ಕೆಲಸ ಮಾಡ್ತವೆ. ನನ್ನ ಎಡಚಕ್ರದ ಪಿನ್ನು ತುಕ್ಕಿಗೆ ಜಾಮ್ ಆಗಿತ್ತು. ಹೊರಗಿನ ಪ್ಯಾಡು ಅರ್ಧ ಹಾಗೇ ಇತ್ತು. ಪಿಸ್ಟನ್ ಕಡೆಯ ಒಳಗಿನ ಪ್ಯಾಡು ಸವೆದು ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿತ್ತು. ಇನ್ನು ಬ್ರೇಕ್ ಆಯಿಲ್ಲು, ನಮ್ಮೂರ ಕಣ್ಣಾ ಚಾದ ಬಣ್ಣ. ಅದನ್ನ ಬದಲಿಸಿ ಎಷ್ಟು ವರ್ಷ ಆಗಿತ್ತು ಅಂತ ನೆನಪೂ ಇಲ್ಲ.

ನಾವು ಎಂಜಿನಿಯರುಗಳು, ಸ್ವಲ್ಪ ಲೆಕ್ಕ ಮಾಡೋಣ. 1,200 ಕೆಜಿ ತೂಕದ ಕಾರು 500 ಮೀಟರ್ ಎತ್ತರ ಇಳಿಯಿತು ಅಂತಿಟ್ಟುಕೊಳ್ಳಿ. ಪಿಯುಸಿ ಫಿಸಿಕ್ಸಿನ ಎಂಜಿಎಚ್: ಸುಮಾರು 59 ಲಕ್ಷ ಜೂಲ್. 25 ಡಿಗ್ರಿಯ 18 ಲೀಟರ್ ನೀರನ್ನ ಕುದಿಸೋ ಹಂತಕ್ಕೆ ತರೋ ಶಕ್ತಿ ಅದು. ಗೇರ್ ಇಳಿಸಿದರೆ ಅದರಲ್ಲಿ ದೊಡ್ಡ ಪಾಲನ್ನ ಎಂಜಿನ್ ನುಂಗುತ್ತೆ. ನನ್ನ ಹಾಗೆ ಬ್ರೇಕನ್ನೇ ನಂಬಿದರೆ ಬಹುಪಾಲು ಹೋಗೋದು ಅಂಗೈ ಅಗಲದ ಪ್ಯಾಡುಗಳಿಗೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರೋ ಜಾತಿಯದ್ದು. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು ಅನ್ನೋದು ನಿಯಮ. ನೀರು ಸೇರಿದ ಮೇಲೆ ಆ ಮಿತಿ 155 ಡಿಗ್ರಿ. ಕುದ್ದರೆ ಆವಿ. ದ್ರವ ಒತ್ತಿದರೆ ಕುಗ್ಗಲ್ಲ, ಆವಿ ಕುಗ್ಗುತ್ತೆ. ನನ್ನ ಪೆಡಲ್ ಸ್ಪಂಜಾಗಿದ್ದು ಹಾಗೆ.

ಕವರಿನಿಂದಲೇ ಬ್ರೇಕ್ ಹಾಳಾಯ್ತು ಅಂತ ನಾನು ಹೇಳ್ತಾ ಇಲ್ಲ. ಪಿನ್ ಜಾಮ್ ಮಾಡಿದ್ದು ಉಪ್ಪುಗಾಳಿ, ಆಯಿಲ್ ಬದಲಿಸದೇ ಇದ್ದಿದ್ದು ನಾನು. ಕವರ್ ಮಾಡಿದ್ದು ಬೇರೆ ಕೆಲಸ. ಬ್ರೇಕಿನ ವಿಷಯ ಮುಗೀತು ಅಂತ ನನ್ನನ್ನ ನಂಬಿಸಿತು. ಕ್ಯಾಲಿಪರಿನ ಮೈಮೇಲಿನ ತುಕ್ಕಿನಿಂದ ಅಂಥ ಅಪಾಯ ಏನಿಲ್ಲ. ಮಳೆಗಾಲದ ಬೆಳಿಗ್ಗೆ ಡಿಸ್ಕಿನ ಮೇಲೆ ಕಾಣೋ ತುಕ್ಕೂ ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತೆ. ಆದರೆ ಹೊರಗೆ ಕಂಡ ತುಕ್ಕು ಒಳಗೊಮ್ಮೆ ನೋಡು ಅಂತ ಬಂದ ಅಲರ್ಟ್. ನಾನು ಮಾಡಿದ್ದು ಅಲರ್ಟನ್ನ ಮ್ಯೂಟ್ ಮಾಡೋ ಕೆಲಸ. ಪ್ರೊಡಕ್ಷನ್ನಲ್ಲಿ ಹಾಗೆ ಮಾಡಿದವನನ್ನ ನಾವು ಸುಮ್ನೆ ಬಿಡ್ತೀವಾ?

ಮಾರನೇ ದಿನ ಪಾಡ್ಯ. ಬೆಳಿಗ್ಗೆ ಕೊಟ್ಟಿಗೆಯಲ್ಲಿ ಅಪ್ಪ ದನ ಮೀಯಿಸುತ್ತಿದ್ದರು. ನಮ್ಮ ಕಡೆ ಗೋಪೂಜೆಗೆ ಹಸುವಿನ ಮೈಮೇಲೆ ಶೇಡಿ, ಕೆಮ್ಮಣ್ಣಿನಲ್ಲಿ ಲೋಟ ಅದ್ದಿ ಉಂಗುರ ಉಂಗುರದ ಅಚ್ಚು ಹಾಕ್ತಾರೆ. ಕೊರಳಿಗೆ ಅಡಿಕೆಯ ಮಾಲೆ, ಚೆಂಡುಹೂವು. ಬಣ್ಣ ಅಂದ್ರೆ ಅದು ಬಣ್ಣ. ಆದರೆ ಅಚ್ಚು ಹಾಕೋ ಮೊದಲು ಮೀಯಿಸಬೇಕು. ತೆಂಗಿನ ಚೊಗರು ಹಿಡಿದು ತಿಕ್ಕುವಾಗ ಅಪ್ಪನ ಕೈ ಕಿವಿಯ ಸಂದಿಗೆ ಹೋಗಿ ಉಣುಗು ಕಿತ್ತಿತು. ಕಾಲೆತ್ತಿ ಗೊರಸಿನ ನಡುವೆ ನೋಡಿತು. ಬೆನ್ನ ಮೇಲಿನ ಒಂದು ಗಾಯ ಅವರಿಗೆ ಗೊತ್ತಾಗಿದ್ದೇ ಆವತ್ತು. ಅರಿಶಿನ, ಎಣ್ಣೆ ಹಚ್ಚಿ, ಆ ಜಾಗ ಬಿಟ್ಟು ಬಾಕಿ ಕಡೆ ಅಚ್ಚು ಹಾಕಿದರು.

ಅಲ್ಲಿ ನಿಂತಾಗ ನನಗೆ ತಲೆಗೆ ಹೋಯಿತು. ಬಣ್ಣ ಒಂದು ನೆಪ. ವರ್ಷಕ್ಕೊಮ್ಮೆಯಾದರೂ ಮೈಪೂರ್ತಿ ಕೈಯಾಡಿಸೋಕೆ ಹಿರಿಯರು ಇಟ್ಟುಕೊಂಡ ನೆಪ. ಮೀಯಿಸದೇ ಸ್ಟಿಕ್ಕರ್ ಅಂಟಿಸಿದ್ದರೆ ಉಣುಗು ಅಲ್ಲೇ ಇರ್ತಿತ್ತು.

ಹಾಗಾಗಿ ನನ್ನ ಓಟು ಎರಡನೇ ದಾರಿಗೆ. ಬ್ರಷ್ಷಲ್ಲಿ, ಕೈಯಾರೆ. ಅದು ಚಂದ ಕಾಣುತ್ತೆ ಅನ್ನೋದಕ್ಕಲ್ಲ, ಚಕ್ರ ಬಿಚ್ಚದೇ ಅದನ್ನ ಸರಿಯಾಗಿ ಮಾಡೋಕೆ ಬರಲ್ಲ ಅನ್ನೋದಕ್ಕೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಬೇರೆ ಚಕ್ರಕ್ಕೆ ಕಲ್ಲು ಕೊಟ್ಟು, ಜಾಕಿ ಏರಿಸಿ, ಅದೊಂದನ್ನೇ ನಂಬದೆ ಸ್ಟ್ಯಾಂಡ್ ಇಡಬೇಕು. ವೈರ್ ಬ್ರಷ್ಷಲ್ಲಿ ತುಕ್ಕು ಉಜ್ಜಬೇಕು. ಬ್ರೇಕ್ ಕ್ಲೀನರ್ ಹಾಕಿ ಜಿಡ್ಡು ತೆಗೀಬೇಕು. ಡಿಸ್ಕು, ಪ್ಯಾಡು, ಪಿನ್ನಿನ ರಬ್ಬರು, ಬ್ಲೀಡರ್ ನಿಪ್ಪಲ್ಲು, ಇದ್ಯಾವುದಕ್ಕೂ ಬಣ್ಣ ತಾಗದ ಹಾಗೆ ಟೇಪ್ ಸುತ್ತಬೇಕು. ಟೇಪ್ ಸುತ್ತೋಕಾದರೂ ಅವೆಲ್ಲ ಎಲ್ಲಿವೆ ಅಂತ ನೋಡಲೇಬೇಕಲ್ಲ! ರಬ್ಬರ್ ಹರಿದಿದ್ದು, ಆಯಿಲ್ ಜಿನುಗಿದ್ದು, ಒಳಗಿನ ಪ್ಯಾಡು ಸವೆದಿದ್ದು ಆವಾಗ ಕಣ್ಣಿಗೆ ಬೀಳುತ್ತೆ. ಬಿದ್ದರೆ ಬಣ್ಣದ ಡಬ್ಬಿ ಮುಚ್ಚಿ ಮೆಕ್ಯಾನಿಕ್ಕಿಗೆ ಫೋನ್ ಮಾಡಿ. ಎಲ್ಲ ಸರಿ ಇದ್ದರೆ ತೆಳುವಾಗಿ ಎರಡು ಮೂರು ಕೋಟು. ಒಂದು ಶನಿವಾರದ ಕೆಲಸ.

ಆಕ್ಷೇಪಣೆಗಳು ಗೊತ್ತು.

‘ಪೌಡರ್ ಕೋಟಿಂಗ್ ಇನ್ನೂ ಚೆನ್ನಾಗಿ ಬಾಳುತ್ತಲ್ಲ?’ ಬಾಳುತ್ತೆ. ಆದರೆ ಅದನ್ನ ಸುಮಾರು 200 ಡಿಗ್ರಿ ಓವನ್ನಲ್ಲಿ ಬೇಯಿಸ್ತಾರೆ. ಅದಕ್ಕೆ ಪಿಸ್ಟನ್, ಸೀಲು, ರಬ್ಬರ್ ಎಲ್ಲ ಹೊರಗೆ ತೆಗೀಬೇಕು, ವಾಪಸ್ ಜೋಡಿಸಬೇಕು, ಲೈನಿನ ಗಾಳಿ ತೆಗೀಬೇಕು. ಹೇಗೂ ಕ್ಯಾಲಿಪರ್ ರಿಪೇರಿಗೆ ಬಿಚ್ಚುವಾಗ, ಗೊತ್ತಿದ್ದವರ ಕೈಲಿ ಮಾಡಿಸಿ. ಬರೀ ಬಣ್ಣಕ್ಕೋಸ್ಕರ ಸರಿ ಇರೋ ಬ್ರೇಕನ್ನ ಪೂರ್ತಿ ಕಳಚೋದು, ಓಡ್ತಿರೋ ಡೇಟಾಬೇಸನ್ನ ಲೋಗೋ ಬದಲಿಸೋಕೆ ಮೈಗ್ರೇಟ್ ಮಾಡಿದ ಹಾಗೆ.

‘ಅಂಗಡಿಯವರು ಚಕ್ರ ಬಿಚ್ಚದೇ ಸಂದಿಯಿಂದಲೇ ಸ್ಪ್ರೇ ಹೊಡೆದು ಕೊಡ್ತಾರೆ.’ ಹೊಡೀತಾರೆ. ಡಿಸ್ಕಿಗೂ ಪ್ಯಾಡಿಗೂ ಸೇರಿಸಿ. ಅಲ್ಲಿಂದ ಓಡಿ ಬನ್ನಿ.

‘ನನ್ನ ದುಡ್ಡು, ನನ್ನ ಕಾರು, ನನ್ನ ಶೋಕಿ. ನಿನ್ನದೇನು?’ ಶೋಕಿಗೆ ನಾನು ವಿರೋಧಿಯಲ್ಲ ಮಾರಾಯ್ರೇ. 1934ರಿಂದ ಇಡಗುಂಜಿ ಗಣಪತಿಯ ಹೆಸರಲ್ಲಿ ಕೆರೆಮನೆಯವರ ಮೇಳ ಕುಣೀತಾ ಬಂದ ಸೀಮೆಯವ ನಾನು. ವೇಷ ಅಂದ್ರೆ ನಮಗೆ ಪ್ರಾಣ. ಆದರೆ ಚೌಕಿಯಲ್ಲಿ ಕಲಾವಿದ ಕನ್ನಡಿ ಹಿಡಿದು ತನ್ನ ಮುಖಕ್ಕೆ ತಾನೇ ಬಣ್ಣ ಬರಕೊಳ್ತಾನೆ, ಆ ಮುಖ ಹೊತ್ತು ರಂಗಸ್ಥಳದಲ್ಲಿ ಕುಣಿದು ತೋರಿಸ್ತಾನೆ. ಕುಣಿಯೋಕೆ ಬರದವನ ಕಿರೀಟ ಎಷ್ಟು ಹೊತ್ತು ನಿಲ್ಲುತ್ತೆ? ಬ್ರೆಂಬೊ ಇಟಲಿಯಲ್ಲಿ 1961ರಲ್ಲಿ ಶುರುವಾದ ಕಂಪನಿ. ರೇಸ್ ಕಾರುಗಳಿಗೆ ಬ್ರೇಕ್ ಮಾಡಿ ಹೆಸರು ಗಳಿಸಿತು. ಪೋರ್ಷೆ ಕಾರಲ್ಲಿ ಹಳದಿ ಕ್ಯಾಲಿಪರ್ ಕಂಡರೆ ಒಳಗೆ ಸೆರಾಮಿಕ್ ಡಿಸ್ಕ್ ಇದೆ ಅಂತ ಅರ್ಥ. ಅಲ್ಲಿ ಬಣ್ಣ ಒಳಗಿರೋದನ್ನ ಹೇಳುತ್ತೆ. ನಮ್ಮ ಒಂದು ಪಿಸ್ಟನ್ನಿನ ಎರಕದ ಕಬ್ಬಿಣದ ಮೇಲೆ ಅಂಟಿಸಿದ ಅದೇ ಹೆಸರು ಇಲ್ಲದ್ದನ್ನ ಹೇಳುತ್ತೆ. ಕೆಂಪು ಹಚ್ಚಿ, ಹಳದಿ ಹಚ್ಚಿ, ನಿಮ್ಮಿಷ್ಟ. ಸುಳ್ಳು ಹೆಸರು ಮಾತ್ರ ಬೇಡ. ಇನ್ನು ‘ನನ್ನ ಕಾರು’ ಅನ್ನೋ ಮಾತು. ಕಾರು ನಿಮ್ಮದು, ಒಪ್ಪಿದೆ. ಘಟ್ಟದ ತಿರುವಿನಲ್ಲಿ ಎದುರಿಂದ ಬರೋ ಬೈಕಿನವ ನಿಮ್ಮವನಲ್ಲ.

ನಾನು ಹಚ್ಚಿದ್ದು ತಿಳಿ ಬೂದು. ನೋಡಿದವರು ಯಾರೂ ‘ಬೆಂಕಿ’ ಅನ್ನಲ್ಲ. ಆದರೆ ಬೂದಿಯ ಮೇಲೆ ಆಯಿಲ್ ಜಿನುಗಿದರೆ ಒಂದು ಕಪ್ಪು ಗೆರೆ ಕೂಡಲೇ ಕಾಣುತ್ತೆ. ಬ್ರಷ್ಷಿನ ಗುರುತು ಹತ್ತಿರದಿಂದ ಗೊತ್ತಾಗುತ್ತೆ. ಇರಲಿ. ವರ್ಷ ವರ್ಷ ದೀಪಾವಳಿಗೆ ಹೊರಡೋ ಮೊದಲಿನ ಶನಿವಾರ ಚಕ್ರ ಬಿಚ್ಚಿ, ಬಣ್ಣ ಎದ್ದ ಕಡೆ ಟಚಪ್ ಮಾಡ್ತೇನೆ. ಟಚಪ್ ಅನ್ನೋದು ಹೆಂಡತಿಗೆ ಹೇಳೋ ನೆಪ. ನೋಡೋದು ಪ್ಯಾಡು. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ತಪ್ಪದೇ ಬದಲು.

ಇಡಗುಂಜಿಯಲ್ಲಿ ಹೊಸ ಕಾರು ತಂದು ದೇವಸ್ಥಾನದ ಮುಂದೆ ಪೂಜೆ ಮಾಡಿಸ್ತಾರೆ. ನಾನೂ ಮಾಡಿಸಿದ್ದೆ, ಮುಂದೆಯೂ ಮಾಡಿಸ್ತೇನೆ. ಆದರೆ ಒಂದು ಮಾತು ನೆನಪಿಡಿ. ನಮ್ಮೂರ ಗಣಪನಿಗೆ ಇರೋದೇ ಎರಡು ಕೈ. ಒಂದರಲ್ಲಿ ಪದ್ಮ, ಇನ್ನೊಂದರಲ್ಲಿ ಮೋದಕ. ನಿಮ್ಮ ಚಕ್ರ ಬಿಚ್ಚಿ ನೋಡೋಕೆ ಅವನಿಗೆ ಕೈ ಖಾಲಿ ಇಲ್ಲ. ನಿಮ್ಮದು ಖಾಲಿ ಇದೆ.