ವಸ್ತು ವಿಚಾರ – 6: ಬೋರಾನ್ ಕಾರ್ಬೈಡ್‌ಗೆ ಒಂದೇ ನಂಬರ್ ಸಾಕಾ?

ಪ್ರಾಜೆಕ್ಟ್‌ಗೆ ಸಿಮ್ಯುಲೇಶನ್ ಮಾಡ್ತಿರೋರೆಲ್ಲ ಸ್ವಲ್ಪ ಇಲ್ಲಿ ನೋಡಿ. ಬೋರಾನ್ ಕಾರ್ಬೈಡ್ ಬೇಕಾದ್ರೆ ಏನ್ ಮಾಡ್ತೀವಿ? ಟೇಬಲ್‌ನಿಂದ ಯಂಗ್ಸ್ ಮಾಡ್ಯುಲಸ್ 450 ಗಿಗಾಪ್ಯಾಸ್ಕಲ್ ಅಂತ ಎತ್ತಿ ಹಾಕ್ತೀವಿ, ಮುಗೀತು. ಬಿಗಿತ ಉಕ್ಕಿನ ಎರಡು ಪಟ್ಟಿಗಿಂತ ಜಾಸ್ತಿ, ತೂಕ ಅದರ ಮೂರನೇ ಒಂದು ಭಾಗ. ಗುಂಡು ತಡೆಯೋ ಜಾಕೆಟ್‌ನ ಪ್ಲೇಟ್‌ಗೆ ಇದನ್ನ ಹಾಕೋದು ಸುಮ್ನೆ ಅಲ್ಲ.

ನನ್ನ ತಕರಾರು ಆ ಒಂದೇ ನಂಬರ್ ಮೇಲೆ.

ನೀರಲ್ಲಿ ಎರಡು ಹೈಡ್ರೋಜನ್, ಒಂದು ಆಕ್ಸಿಜನ್. ಅಲ್ಲಿ ಚೌಕಾಸಿ ಇಲ್ಲ. ಇದು ಹಾಗಲ್ಲ. ‘ಬಿ4ಸಿ’ ಅಂತ ಬರೆದ್ರೂ, ನೂರು ಪರಮಾಣುಗಳಲ್ಲಿ ಕಾರ್ಬನ್ ಸುಮಾರು 9ರಿಂದ 20ರವರೆಗೆ ಎಷ್ಟಿದ್ರೂ ಅದೇ ಸ್ಫಟಿಕ, ಅದೇ ಹೆಸರು. ಒಳಗೆ 12 ಪರಮಾಣುಗಳ ಗೂಡುಗಳು, ಅವುಗಳ ನಡುವೆ ಮೂರು ಪರಮಾಣುಗಳ ಪುಟ್ಟ ಸರಪಳಿ. ಕಾರ್ಬನ್ 20 ಇದ್ದಾಗ ಮಾಡ್ಯುಲಸ್ ಸುಮಾರು 470. 13ಕ್ಕೆ ಇಳಿದ್ರೂ 450ರ ಹತ್ತಿರವೇ ನಿಲ್ಲುತ್ತೆ. ಅಲ್ಲಿಂದ ಕೆಳಗೆ ಮಾತ್ರ ಜಾರುಬಂಡೆ: 10ಕ್ಕೆ ಬಂದ್ರೆ 320ರ ಆಸುಪಾಸು! ಅಲ್ಲೀವರೆಗೆ ಗೂಡಿನ ಕಾರ್ಬನ್ ಹೋಗ್ತಿತ್ತು, ಇನ್ಮೇಲೆ ಸರಪಳಿಯ ಕಾರ್ಬನ್‌ಗೇ ಸಂಚಕಾರ ಅನ್ನೋದು ಇದಕ್ಕೆ ಹೆಚ್ಚಿನವರು ಕೊಡೋ ವಿವರಣೆ.

‘ಬಿಇ ಪ್ರಾಜೆಕ್ಟ್‌ಗೆ ಇಷ್ಟೆಲ್ಲ ಬೇಕಾ ಗುರು?’ ಅಂತೀರಿ. ಲೆಕ್ಕ ಹಾಕಿ: 470 ಅಂದುಕೊಂಡ ಜಾಗದಲ್ಲಿ 320 ಇದ್ರೆ, ಅದೇ ಲೋಡ್‌ಗೆ ಪ್ಲೇಟ್ ಸುಮಾರು ಒಂದೂವರೆ ಪಟ್ಟು ಬಾಗುತ್ತೆ. ನಿಜ, ಮಾರ್ಕೆಟ್‌ನಲ್ಲಿ ಸಿಗೋ ಪುಡಿ ಹೆಚ್ಚಾಗಿ 20ರ ಕಡೆಯದ್ದೇ. ಆದ್ರೆ ಅದರಲ್ಲಿ ಬೆರೆಯದೆ ಉಳಿದ ಗ್ರಾಫೈಟ್ ಇರುತ್ತೆ, ಸಿಂಟರ್ ಮಾಡಿದ ಮೇಲೂ ರಂಧ್ರಗಳು ಉಳೀತವೆ. ಎರಡೂ ಬಿಗಿತ ತಿನ್ನೋವೇ.

ಇನ್ನೊಂದು ಮಜಾ ಇದೆ. ಕಲ್ಪಾಕ್ಕಂನ ಫಾಸ್ಟ್ ಬ್ರೀಡರ್ ರಿಯಾಕ್ಟರ್‌ನ ಕಂಟ್ರೋಲ್ ರಾಡ್‌ಗಳಲ್ಲೂ ಇರೋದು ಇದೇ ಬೋರಾನ್ ಕಾರ್ಬೈಡ್. ನ್ಯೂಟ್ರಾನ್ ನುಂಗಿದ ಬೋರಾನ್-10 ಲಿಥಿಯಂ, ಹೀಲಿಯಂ ಆಗಿ ಒಡೆಯುತ್ತೆ. ಅಂದ್ರೆ ಕೆಲಸ ಮಾಡ್ತಾ ಮಾಡ್ತಾನೇ ವಸ್ತುವಿನ ಸಂಯೋಜನೆ ಬದಲಾಗುತ್ತೆ! ಮೊದಲ ದಿನದ ಟೇಬಲ್ ಎಷ್ಟು ದಿನ ಹಿಡಿದುಕೊಂಡು ಕೂರ್ತೀರಿ?

ನನ್ನ ಕೇಳಿದ್ರೆ, ಕಾರ್ಬನ್ ಪ್ರಮಾಣ ಮತ್ತು ಸಾಂದ್ರತೆ ಪಕ್ಕದಲ್ಲಿ ಬರೆಯದ ಮಾಡ್ಯುಲಸ್‌ಗೆ ವೈವಾದಲ್ಲಿ ಮಾರ್ಕ್ಸ್ ಕೊಡಲೇಬಾರದು. (ಬೈಕೋಬೇಡಿ, ನನ್ನ ವೈವಾನೂ ಬಾಕಿ ಇದೆ.) ನಿಮ್ಮ ರಿಪೋರ್ಟ್‌ನಲ್ಲಿ ಇವೆರಡೂ ಇದ್ರೆ ಕಾಮೆಂಟ್‌ನಲ್ಲಿ ಹಾಕಿ, ನೋಡೋಣ.

ಭಾಗ 7ರಲ್ಲಿ ಟೈಟಾನಿಯಂ ಕಾರ್ಬೈಡ್. ಅಲ್ಲಿ ಕಾರ್ಬನ್ ಹೋದ ಜಾಗ ಖಾಲೀನೇ ಉಳಿಯುತ್ತೆ.