ಹಳೆಯ ಪ್ಲಾಸ್ಟಿಕ್ಕಿನ ಹೊಸ ಪೈಪು

ಕಾಲೇಜು ಪತ್ರಿಕೆಯಲ್ಲಿ ಪೈಪಿನ ಪುರಾಣವೇಕೆಂದು ವಾಚಕ ಮಿತ್ರರು ನಗಬಹುದು. ಕಾಪುವಿನ ಬಳಿಯ ನಮ್ಮ ಸಣ್ಣ ತೆಂಗಿನ ತೋಟಕ್ಕೆ ತಂದೆಯವರು ಸಾಲಮಾಡಿ ತಂದ ಕಪ್ಪು ಪೈಪು ಮೂರನೆಯ ಬೇಸಗೆಗೆ ಉದ್ದಕ್ಕೆ ಸೀಳಿತು. ಬಿಸಿಲಿಗೆ ಹಾಗಾಗುತ್ತದೆ ಎಂದರು ಅಂಗಡಿಯವರು. ಸೀಳಿನಲ್ಲಿ ಕಂಡದ್ದೋ ಬೇರೆ ಬೇರೆ ಬಣ್ಣದ ಚೂರುಗಳು!

ಪಾಲಿಥೀನ್ ಎಂಬುದು ಉದ್ದನೆಯ ಅಣುಸರಪಳಿಗಳ ಹೆಣಿಗೆ. ಬಿಸಿಲಿಗೆ ಕಾದು, ಮತ್ತೆ ಮತ್ತೆ ಕರಗಿದಂತೆ ಆ ಸರಪಳಿಗಳು ತುಂಡಾಗುತ್ತವೆ. ಜತೆಗೆ ಸೇರಿದ ಮಣ್ಣು, ಅನ್ಯಜಾತಿಯ ಪ್ಲಾಸ್ಟಿಕ್ಕು ಬಿರುಕಿಗೆ ಬೀಜವಾಗುತ್ತವೆ. ಇಂಥ ಪೈಪು ಕೊಳ್ಳುವಾಗ ಗಟ್ಟಿಯಾಗಿಯೇ ಕಾಣುತ್ತದೆ. ನೀರಿನ ಒತ್ತಡದಲ್ಲಿ ಬಿರುಕು ಮೆಲ್ಲಮೆಲ್ಲನೆ ಬೆಳೆಯುತ್ತದೆ. ಆದ್ದರಿಂದಲೇ ನೀರು ಸರಬರಾಜಿನ ಪಾಲಿಥೀನ್ ಪೈಪುಗಳ ಭಾರತೀಯ ಮಾನಕ ಐ.ಎಸ್. 4984, ಹೊರಗಿನಿಂದ ತಂದ ಮರುಬಳಕೆಯ ಪ್ಲಾಸ್ಟಿಕ್ಕನ್ನು ಒಪ್ಪುವುದಿಲ್ಲ.

ಹಾಗೆಂದು ಮರುಬಳಕೆಯೇ ಬೇಡವೆನ್ನುವವನು ನಾನಲ್ಲ. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ಹಲವು ಗ್ರಾಮಗಳ ಒಣಕಸವನ್ನು ಬೇರ್ಪಡಿಸುವ ಘಟಕವಿದೆ. ಉಡುಪಿ, ಮಣಿಪಾಲಗಳ ಮನೆಮನೆಯ ಪ್ಲಾಸ್ಟಿಕ್ಕಿಗೂ ಒಂದು ಗತಿ ಕಾಣಬೇಕಷ್ಟೆ. ವಿದ್ಯುತ್ ತಂತಿ ಹಾಯಿಸುವ ಕೊಳವೆಗೆ, ಮಳೆನೀರು ಹರಿದುಹೋಗುವ ಕೊಳವೆಗೆ ಅದು ಧಾರಾಳವಾಗಿ ಸಾಕು. ಕುಡಿಯುವ ನೀರಿಗೂ ಪಂಪಿನ ಒತ್ತಡಕ್ಕೂ ಬೇಡ.

ನನ್ನ ಆಕ್ಷೇಪವೊಂದೇ: ಹಳೆಯದನ್ನು ಹಳೆಯದೆಂದು ಹೇಳದಿರುವುದು. ಕಪ್ಪು ಬಣ್ಣ ಎಲ್ಲವನ್ನೂ ಮುಚ್ಚುತ್ತದೆ. ಮರುಬಳಕೆಯ ಪೈಪಿನ ಮೇಲೆ ಆ ಮಾತನ್ನು ದಪ್ಪ ಕನ್ನಡಾಕ್ಷರಗಳಲ್ಲಿ ಅಚ್ಚೊತ್ತಲಿ; ಬೆಲೆಯೂ ಅದಕ್ಕೆ ತಕ್ಕಂತಿರಲಿ. ನನ್ನ ತಂದೆಯವರಿಗೆ ಓದು ಬಾರದು. ಓದಿದ ನಾವು ಹಿರಿಯರ ಜತೆ ಅಂಗಡಿಗೆ ಹೋಗಿ, ಪೈಪಿನ ಮೇಲಿನ ಗುರುತನ್ನು ಓದಿ ಹೇಳೋಣ. ನಮ್ಮ ಪದವಿಯ ಮೊದಲ ಉಪಯೋಗ ಅದೇ ಆಗಲಿ.