ಬುಟ್ಟಿ ಮರಿಗಳ ವ್ಯಾಪಾರ



ಅಡಿಕೆ, ಕಾಫಿಯ ಧಾರಣೆ ಬರೆಯುವ ಪುಟದಲ್ಲಿ ಕೋಳಿಮರಿಯ ಮಾತೇಕೆ ಎಂದು ಕೆಲವರು ಕೇಳಬಹುದು. ಸಣ್ಣ ಹಿಡುವಳಿದಾರರ ಎಷ್ಟೋ ಮನೆಗಳಲ್ಲಿ ಸೋಪು, ಸಕ್ಕರೆ, ಮಕ್ಕಳ ಬಸ್ಸಿನ ಖರ್ಚು ನಡೆಯುವುದು ಮೊಟ್ಟೆಯ ಕಾಸಿನಿಂದಲೇ. ಅದು ಹೆಂಗಸರ ಕೈಯ ಕಾಸು. ಅದಕ್ಕೇ ಮೋಸವಾಗುತ್ತಿದೆ.

ಕಳೆದ ಮಳೆಗಾಲಕ್ಕೆ ಮುಂಚೆ ನಮ್ಮ ಅಂಗಳಕ್ಕೂ ಬೈಕಿನ ಬುಟ್ಟಿ ಬಂದಿತ್ತು. ಅಪ್ಪಟ ಗಿರಿರಾಜ, ಆರಿಸಿ ತಂದ ಹೇಂಟೆ ಮರಿ ಎಂದವನನ್ನು ನಂಬಿ ಹನ್ನೆರಡು ಕೊಂಡೆವು. ಎರಡನ್ನು ಮುಂಗುಸಿ ಒಯ್ದಿತು. ಉಳಿದ ಹತ್ತರಲ್ಲಿ ಒಂಬತ್ತು ಗಣೇಶನ ಹಬ್ಬದ ಹೊತ್ತಿಗೆ ಕೂಗತೊಡಗಿದವು. ಬಿಳಿಯ, ಸಣಕಲು ಹುಂಜಗಳು. ಮೊಟ್ಟೆ ಫಾರಂಗಳಿಗೆ ಬೇಡವಾದ ಲೆಗ್‌ಹಾರ್ನ್ ಗಂಡು ಮರಿಗಳು ಹೀಗೆ ಅಗ್ಗಕ್ಕೆ ಬೀದಿಗೆ ಬರುತ್ತವೆ.

ನಂಬಿದ ತಪ್ಪು ನಮ್ಮದೂ ಹೌದು. 1989ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೊರತಂದ ಗಿರಿರಾಜನಿಗೆ ಒಂದೇ ಬಣ್ಣವಿಲ್ಲ. ಹಾಗೆಂದು ಬಣ್ಣದ ಮರಿಯೆಲ್ಲ ಗಿರಿರಾಜನೂ ಅಲ್ಲ. ಮನೆಯಲ್ಲಿ ಅದರ ಮೊಟ್ಟೆಗೆ ಕಾವು ಕೊಟ್ಟು ತೆಗೆದ ಮರಿ ಕೂಡ ಮೂಲ ಗುಣವನ್ನು ಪೂರ್ತಿ ಉಳಿಸಿಕೊಳ್ಳುವುದಿಲ್ಲ, ಏಕೆಂದರೆ ಅದು ಬೆರಕೆ ತಳಿ. ಹುಟ್ಟಿದ ದಿನವೇ ಗುರುತು ಸಿಗುವುದು ಬೋಳುಕತ್ತಿನ ಕೋಳಿಯಂಥ ಕೆಲವಕ್ಕೆ ಮಾತ್ರ.

ಇನ್ನು ಗಂಡು ಹೆಣ್ಣಿನ ಮಾತು. ಉದ್ದ ಮೊಟ್ಟೆಯಲ್ಲಿ ಹುಂಜ, ದುಂಡು ಮೊಟ್ಟೆಯಲ್ಲಿ ಹೇಂಟೆ ಎನ್ನುತ್ತಾರೆ. ಕಾಲು ಹಿಡಿದು ತಲೆಕೆಳಗೆ ತೂಗಿಸಿ ನೋಡುವವರೂ ಇದ್ದಾರೆ. ನಾಣ್ಯ ಚಿಮ್ಮಿದರೂ ಅರ್ಧ ಸಲ ಸರಿಯಾಗುತ್ತದೆ! ಜಪಾನಿನವರು 1920ರ ದಶಕದಲ್ಲಿ ಮರಿಯ ಗುದದ್ವಾರ ಬಿಡಿಸಿ ನೋಡುವ ಕ್ರಮ ಕಂಡುಹಿಡಿದರು. ಅದಕ್ಕೆ ಬಹುಕಾಲದ ತರಬೇತಿ ಬೇಕು, ಒರಟು ಕೈಗೆ ಮರಿ ಸಾಯುತ್ತದೆ. ರೆಕ್ಕೆಯ ಗರಿಯ ಉದ್ದ ನೋಡಿ ಹೇಳುವುದು ಅದಕ್ಕೆಂದೇ ಕೂಡಿಸಿದ ತಳಿಗಳಲ್ಲಿ, ಅದೂ ಮೊದಲ ಒಂದೆರಡು ದಿನ ಮಾತ್ರ ನಡೆಯುತ್ತದೆ. ನಮ್ಮ ನಾಟಿ ಮರಿಗೆ ಅದನ್ನು ಹಚ್ಚಿದರೆ ಫಲವಿಲ್ಲ.

ಮನೆಯವರ ಕಣ್ಣಿಗೆ ಲಕ್ಷಣ ಕಾಣತೊಡಗುವುದು ಐದಾರು ವಾರಕ್ಕೆ. ಒಂದೇ ಕಾವಿನ ಮರಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಹುಂಜದ ಜುಟ್ಟು ಬೇಗ ಬೆಳೆದು ಕೆಂಪೇರುತ್ತದೆ, ಕಾಲು ದಪ್ಪ. ಹೇಂಟೆಯ ಜುಟ್ಟು ಇನ್ನೂ ಚಿಕ್ಕದು, ಮಂಕು. ಮೂರು ತಿಂಗಳಿಗೆ ಹುಂಜದ ಸೊಂಟದ ಮೇಲೆ ಚೂಪು ತುದಿಯ ಹೊಳೆಯುವ ಗರಿ ಇಳಿಬಿದ್ದರೆ ಸಂಶಯವೇ ಉಳಿಯದು. (ಹುಂಜವೇ ಬೇಡವೆಂದಲ್ಲ, ಹರಕೆಗೂ ಹಬ್ಬಕ್ಕೂ ಬೇಕು. ಹೇಂಟೆಯ ಬೆಲೆ ಕೊಟ್ಟು ಹುಂಜ ತರುವುದು ಬೇಡ.)

ಆದ್ದರಿಂದ ನಮ್ಮ ಸಲಹೆ ಇಷ್ಟು. ಮೈಲುತುತ್ತಕ್ಕೆ ಸಂಘವು ಸದಸ್ಯರಿಂದ ಬೇಡಿಕೆ ಪಟ್ಟಿ ಪಡೆಯುವಂತೆ ಮರಿಗಳಿಗೂ ಪಡೆಯಲಿ. ಸರ್ಕಾರಿ ಕೋಳಿ ಫಾರಂನಿಂದಲೋ ಪಶುವೈದ್ಯಕೀಯ ಕಾಲೇಜಿನಿಂದಲೋ ಒಟ್ಟಿಗೆ ತರಿಸಿ, ಒಂದೇ ಕಡೆ ಆರು ವಾರ ಸಾಕಿಸಿ, ಕೊಕ್ಕರೆ ರೋಗದ ಲಸಿಕೆ ಹಾಕಿಸಿ ಹಂಚಲಿ. ರಸೀದಿಯಲ್ಲಿ ತಳಿ, ಮರಿಯಾದ ದಿನಾಂಕ, ಹೇಂಟೆ ಎಷ್ಟು, ಹುಂಜ ಎಷ್ಟು ಎಂದು ಬರೆದಿರಲಿ. ಬೆಲೆ ಹೆಚ್ಚಾಗುತ್ತದೆ ಎಂಬ ಆಕ್ಷೇಪವಿದೆ, ನಿಜ. ಆದರೆ ಬಲ್ಬಿನ ಕಾವು, ಆಹಾರ, ಕಾಗೆ ಮುಂಗುಸಿಗಳ ಕಾಟ ಎಲ್ಲ ಆ ಆರು ವಾರದಲ್ಲೇ ಹೆಚ್ಚು. ಬೇಡವಾದ ಒಂಬತ್ತು ಹುಂಜಗಳಿಗೆ ನಾವು ನಾಲ್ಕು ತಿಂಗಳು ಹಾಕಿದ ಕಾಳಿನ ಲೆಕ್ಕವನ್ನೂ ಇದರ ಪಕ್ಕ ಬರೆದುಕೊಳ್ಳಬೇಕು.

ಮುಂದಿನ ಮಹಾಸಭೆಗೆ ಈ ವಿಷಯ ಬರಲಿದೆ. ಕೋಳಿ ಸಾಕುವವರು ಮನೆಯ ಹೆಂಗಸರಾದ್ದರಿಂದ ಆ ದಿನ ಅವರನ್ನೂ ಕರೆತನ್ನಿ.